ಹನ್ನೆರಡರ ಬದಲು ಎಂಟು

ನಮ್ಮ ಕ್ಯಾಪ್ಟನ್ ಬೈಯುವುದನ್ನು ನಾನು ಅವನಿಗಿಂತ ಚೆನ್ನಾಗಿ ಬೈಯುತ್ತೇನೆ. ಇದು ನನ್ನ ಜಂಬವಲ್ಲ, ಇಡೀ ತಂಡದ ತೀರ್ಪು. ಅವನು ಕಲ್ಯಾಣದ ಮರಾಠಿ ಹುಡುಗ. ಗಂಟಲಲ್ಲಿ ಒಂದು ಹಿಡಿ ಮರಳು ಇಟ್ಟುಕೊಂಡವನಂತೆ ಮಾತಾಡುತ್ತಾನೆ. ಪ್ರತಿ ಮಾತಿನ ಕೊನೆಗೂ ‘ಬರೋಬರ್ ನಾ?’, ಸರಿ ತಾನೇ, ಎಂದು ಒಂದು ಮೊಳೆ ಹೊಡೆಯುತ್ತಾನೆ. ಸಿಟ್ಟು ನೆತ್ತಿಗೇರಿದಾಗ ಅವನಿಗೆ ಮಾತು ಮರೆತುಹೋಗುತ್ತದೆ, ನನಗೆ ಮರೆಯುವುದಿಲ್ಲ. ಹಾಗಾಗಿ ಅವನ ಬೈಗುಳ ಅವನದೇ ದನಿಯಲ್ಲಿ ನನ್ನ ಬಾಯಲ್ಲೇ ಪೂರ್ತಿಯಾಗಿ ಹೊರಬರುತ್ತದೆ.

ಆಡಿ ತೋರಿಸುವುದರಲ್ಲಿ ನಾನು ಯಾರನ್ನೂ ಬಿಟ್ಟವನಲ್ಲ. ಡೊಂಬಿವಲಿ ಸ್ಟೇಷನ್ನಿನಲ್ಲಿ ಲೋಕಲ್ ತಡವಾಗಿದೆ ಎಂದು ಚೂರೂ ಬೇಸರವಿಲ್ಲದೆ ಹೇಳುವ ಹೆಂಗಸು, ವೈವಾ ಪರೀಕ್ಷೆಯಲ್ಲಿ ತಾವೇ ಪ್ರಶ್ನೆ ಕೇಳಿ ತಾವೇ ಉತ್ತರ ಹೇಳಿ ನನಗೆ ಸೊನ್ನೆ ಕೊಡುವ ಮೇಷ್ಟ್ರು, ಅಪ್ಪನ ಗೊರಕೆ, ಪಕ್ಕದ ಮನೆಯ ಮಿಕ್ಸರ್. ನನ್ನನ್ನೂ ಬಿಟ್ಟಿಲ್ಲ. ನನ್ನ ಮೂಗನ್ನು ಅವಸರದಲ್ಲಿ ವೆಲ್ಡ್ ಮಾಡಿ, ಗ್ರೈಂಡ್ ಮಾಡಿ ನುಣುಪಾಗಿಸಲು ಮರೆತಿದ್ದಾರೆ ಎಂದು ಮೊದಲು ಹೇಳಿದವನು ನಾನೇ. ಆಮೇಲೆ ಊರೆಲ್ಲ ಹೇಳಿತು.

ನಮ್ಮ ತಂಡ ಕಟ್ಟುತ್ತಿದ್ದದ್ದು ಒಂದು ಪುಟ್ಟ ರೇಸ್ ಕಾರು. ನವಿ ಮುಂಬಯಿಯ ನಮ್ಮ ಇಂಜಿನಿಯರಿಂಗ್ ಕಾಲೇಜಿನ ಹಿಂದಿನ ತಗಡಿನ ಶೆಡ್ಡಿನಲ್ಲಿ ಪೈಪು ಬಗ್ಗಿಸಿ, ಬೈಕಿನ ಇಂಜಿನ್ ಕೂರಿಸಿ, ಒಬ್ಬರೇ ಕೂರುವಂಥದ್ದು. ವರ್ಷಕ್ಕೊಮ್ಮೆ ಬೇರೆ ಕಾಲೇಜಿನ ಕಾರುಗಳ ಜೊತೆ ಸ್ಪರ್ಧೆ. ಕೇಳಲು ಸೊಗಸಾಗಿದೆ. ಆದರೆ ಆ ಶೆಡ್ಡಿನಲ್ಲಿ ಮೆತ್ತಗೆ ನಡೆದ ಕೆಲಸ ಒಂದೂ ನನಗೆ ನೆನಪಿಲ್ಲ. ಬೋಲ್ಟು ಬರಲಿಲ್ಲವೆಂದರೆ ಅದನ್ನು ಹೊಡೆ. ಬಂದು ಎಲ್ಲೋ ಉರುಳಿಹೋಯಿತೆಂದರೆ ಪಕ್ಕದವನನ್ನು ಹೊಡೆ. ಕಾರಿನ ಪ್ರತಿ ಪೈಪಿಗೂ ಯಾರದಾದರೂ ಬೆರಳ ಗೆಣ್ಣಿನ ಚರ್ಮ ಅಂಟಿರುತ್ತಿತ್ತು. ನನ್ನ ಎಡಗೈ ಹೆಬ್ಬೆರಳಿನ ಉಗುರು ಎರಡು ಸಲ ಕಪ್ಪಾಗಿ ಉದುರಿತು. ಎರಡನೇ ಸಲ ಸುತ್ತಿಗೆ ಹಿಡಿದವನೂ ನಾನೇ, ಆದ್ದರಿಂದ ಬೈಯಲು ಬೇರೆ ಯಾರೂ ಸಿಗಲಿಲ್ಲ.

ಈಗ ಸ್ವಲ್ಪ ಸ್ಟೀರಿಂಗ್ ಪಾಠ. ಹೆದರಬೇಡಿ, ನನಗೆ ಗೊತ್ತಿರುವುದೇ ಸ್ವಲ್ಪ. ಸ್ಟೀರಿಂಗ್ ತಿರುಗಿಸಿದರೆ ಕೆಳಗೆ ಹಲ್ಲುಗಳಿರುವ ಒಂದು ಉದ್ದ ಸರಳು ಎಡಕ್ಕೋ ಬಲಕ್ಕೋ ಸರಿಯುತ್ತದೆ. ಅದೇ ರ‍್ಯಾಕ್. ಅದರ ಎರಡು ತುದಿಗೂ ಒಂದೊಂದು ಕಡ್ಡಿ. ಚಕ್ರವನ್ನು ತಳ್ಳುವುದು, ಎಳೆಯುವುದು ಅವುಗಳ ಕೆಲಸ. ರ‍್ಯಾಕ್ ಹೆಚ್ಚು ಸರಿದಷ್ಟೂ ಚಕ್ರ ಹೆಚ್ಚು ತಿರುಗುತ್ತದೆ. ಆದರೆ ಅದಕ್ಕೊಂದು ಮಿತಿ ಬೇಕು. ನಿಮ್ಮ ಕೈ ಚಾಚಿ, ಮೊಣಕೈ ನೆಟ್ಟಗಾಗುವವರೆಗೆ. ಈಗ ಯಾರಾದರೂ ಇನ್ನೂ ತಳ್ಳಿದರೆ ಮೊಣಕೈ ಉಲ್ಟಾ ಮಡಚಿಕೊಳ್ಳುತ್ತದೆ. ಚಕ್ರದ್ದೂ ಅದೇ ಗತಿ. ಕಡ್ಡಿಯೂ ಚಕ್ರದ ಕೀಲೂ ನೆಟ್ಟಗಾಗಿ, ಅದನ್ನೂ ದಾಟಿದರೆ ಚಕ್ರ ಆಚೆಗೆ ಮಗುಚಿ ಸಿಕ್ಕಿಕೊಳ್ಳುತ್ತದೆ, ಹಿಂದಕ್ಕೆ ಬರುವುದಿಲ್ಲ. ಅದಕ್ಕೇ ರ‍್ಯಾಕಿನ ಎರಡೂ ತುದಿಗೆ ಬಳೆಯಂಥ ಸ್ಟಾಪರ್ ಹಾಕುತ್ತಾರೆ. ರ‍್ಯಾಕ್ ಅಲ್ಲಿಗೆ ಬಂದು ಡಿಕ್ಕಿ ಹೊಡೆದು ನಿಲ್ಲಬೇಕು. ಸ್ಟಾಪರ್ ದಪ್ಪವಾದರೆ ಕಾರು ಕಡಿಮೆ ತಿರುಗುತ್ತದೆ, ತೆಳುವಾದರೆ ಹೆಚ್ಚು. ನಮ್ಮದು ಹನ್ನೆರಡು ಮಿಲಿಮೀಟರ್.

ಕಾರು ಓಡಿಸುತ್ತಿದ್ದವಳು ಥಾಣೆಯ ವರ್ತಕ ನಗರದ ಹುಡುಗಿ. ಅವಳಪ್ಪ ಉಡುಪಿ ಕಡೆಯವರು, ಹೋಟೆಲಿನಲ್ಲಿದ್ದವರು. ಅವಳಿಗೆ ಮನೆಯಲ್ಲಿ ತುಳು, ಬೀದಿಯಲ್ಲಿ ಮರಾಠಿ, ತಂಡದಲ್ಲಿ ಹಿಂದಿ, ನನ್ನನ್ನು ಬೈಯಲು ಮಾತ್ರ ಕನ್ನಡ. ತಂಡದಲ್ಲಿ ಕನ್ನಡ ಬಲ್ಲವರು ನಾವಿಬ್ಬರೇ ಆದ್ದರಿಂದ ಅವಳು ಧಾರಾಳವಾಗಿ ಬೈಯುತ್ತಿದ್ದಳು.

‘ಇದು ಕಾರಾ, ಎಮ್ಮೆಯಾ ಮಾರಾಯ? ತಿರುಗುದೇ ಇಲ್ಲ! ಆ ಕೊನೇ ತಿರುವಿನ ಕೋನ್ ಹತ್ರ ನಾನು ಇಳಿದು, ಎತ್ತಿ, ತಿರುಗಿಸಿ ಇಡ್ಬೇಕಾ?’

ಇದನ್ನೇ ಅವಳು ಹಿಂದಿಯಲ್ಲಿ ಕ್ಯಾಪ್ಟನ್ನಿಗೂ ಹೇಳಿದಳು. ಅವನ ಉತ್ತರ ಒಂದೇ: ‘ಬಾರಾ ಮತ್ಲಬ್ ಬಾರಾ. ಬರೋಬರ್ ನಾ?’ ಹನ್ನೆರಡೆಂದರೆ ಹನ್ನೆರಡೇ.

ಸ್ಟಾಪರ್ ಮಾಡಿಕೊಡುತ್ತಿದ್ದವನು ನನ್ನ ಮಾಮಾ, ಅವ್ವನ ಅಣ್ಣ. ವಿಜಯಪುರದ ಕಡೆಯಿಂದ ಬಂದು, ಡೊಂಬಿವಲಿಯ ಕೈಗಾರಿಕಾ ಪ್ರದೇಶವಾದ ಎಂಐಡಿಸಿಯ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಹನ್ನೊಂದು ವರ್ಷ ಲೋಹ ಕಡೆಯುವ ಒಂದೇ ಲೇತ್ ಮಷೀನಿನ ಮುಂದೆ ನಿಂತವನು. ತಾನಿಲ್ಲದಾಗ ಬೇರೆ ಯಾರಾದರೂ ಆ ಮಷೀನು ಮುಟ್ಟಿದ್ದರೆ ಬಂದು ಕೈಯಿಟ್ಟ ಕೂಡಲೇ ಅವನಿಗೆ ತಿಳಿಯುತ್ತಿತ್ತು. ಡ್ರಾಯಿಂಗ್ ಕಾಗದ ನೋಡುವುದೆಂದರೆ ಅವನಿಗಾಗದು. ಅಳತೆಯನ್ನು ಬಾಯಲ್ಲಿ ಹೇಳಬೇಕು, ಅವನು ಅದನ್ನು ಮಷೀನಿನ ಹಸಿರು ಮೈಮೇಲೆ ಸೀಮೆಸುಣ್ಣದಿಂದ ಬರೆದುಕೊಳ್ಳಬೇಕು, ಅಲ್ಲಿಗೆ ಮುಗಿಯಿತು. ಅವನ ಮಾಲೀಕ, ಅಲ್ಲಿ ಎಲ್ಲರಿಗೂ ಸೇಠ್, ನಮ್ಮ ಕಾಲೇಜಿನ ಕೆಲಸಕ್ಕೆ ಒಪ್ಪಿದ್ದೇ ಮಾಮಾನ ಮುಖ ನೋಡಿ. ಅದೂ ಒಂದು ಷರತ್ತಿನ ಮೇಲೆ: ಒಂದೇ ಒಂದು ದೂರು ಬಂದರೂ ಮಾಮಾ ಮನೆಗೆ ಹೋಗಬೇಕು.

ಮಾಮಾ ನನಗೂ ಒಂದು ಷರತ್ತು ಹಾಕಿದ್ದ.

‘ನಿನ್ನ ಬಾಯಾಗ ಹತ್ತು ಮಂದಿ ಅದಾರಲೇ ಮಗನ. ನೀ ಹೇಳಿದ ಮಾಪು ನಾ ಮಷೀನಿಗೆ ಹಚ್ಚೂದಿಲ್ಲ. ಆ ಕ್ಯಾಪ್ಟನ್ನ ಬಾಯಿಂದನ ಬರಬೇಕು. ಮಾಪು ಅಂದ್ರ ಚ್ಯಾಷ್ಟಿ ಅಲ್ಲ.’

ಹಾಗಾಗಿ ಹೊರಗಿನ ಕೆಲಸಕ್ಕೆಂದು ತಂಡದವರು ಇಟ್ಟುಕೊಂಡಿದ್ದ ಫೋನಿನಿಂದ ಕ್ಯಾಪ್ಟನ್ನೇ ಮಾಮಾನಿಗೆ ಅಳತೆ ಹೇಳುತ್ತಿದ್ದ. ಮಾಮಾನ ಫೋನಿನಲ್ಲಿ ಆ ನಂಬರಿಗೆ ‘ಕಾಲೇಜ್’ ಎಂದು ಹೆಸರು. ಆ ಫೋನು ಶೆಡ್ಡಿನ ಟೂಲ್‌ಬಾಕ್ಸಿನಲ್ಲಿ ಸ್ಪ್ಯಾನರುಗಳ ನಡುವೆ ಬಿದ್ದಿರುತ್ತಿತ್ತು. ಯಾರು ಬೇಕಾದರೂ ಎತ್ತಬಹುದಿತ್ತು.

ಹಳೆಯ ಅಲ್ಯುಮಿನಿಯಮ್ ಸ್ಟಾಪರುಗಳು ಪೆಟ್ಟು ತಿಂದೂ ತಿಂದೂ ಜಜ್ಜಿಹೋಗಿದ್ದವು. ಅದೇ ಹನ್ನೆರಡರ ಅಳತೆಯಲ್ಲಿ ಸ್ಟೀಲಿನ ಜೋಡಿ ಮಾಡಿಕೊಡಲು ಕ್ಯಾಪ್ಟನ್ ಮಾಮಾನಿಗೆ ಹೇಳಿದ. ಮಾರನೇ ದಿನ ಶೆಡ್ಡಿನಲ್ಲಿ ನಾನೊಬ್ಬನೇ ಇದ್ದೆ. ಕಾರು ಸ್ಟ್ಯಾಂಡಿನ ಮೇಲೆ, ಚಕ್ರಗಳು ಗಾಳಿಯಲ್ಲಿ. ಹಳೇ ಸ್ಟಾಪರ್ ಬಿಚ್ಚಿ, ಚಕ್ರವನ್ನು ಕೈಯಿಂದ ಪೂರ್ತಿ ತಿರುಗಿಸಿ ಅಳೆದೆ. ಎಂಟು ಮಿಲಿಮೀಟರ್ ಹಾಕಿದರೂ ಕಡ್ಡಿ ನೆಟ್ಟಗಾಗುವ ಮೊದಲು ಒಂದಿಷ್ಟು ಜಾಗ ಉಳಿಯುತ್ತಿತ್ತು. ಎರಡು ಸಲ ಅಳೆದೆ, ಎರಡು ಸಲವೂ ಉಳಿಯಿತು. ಅಂದರೆ ಎಮ್ಮೆ ಜಿಂಕೆಯಾಗುತ್ತದೆ, ಅದೂ ನನ್ನಿಂದ! ಗಾಳಿಯಲ್ಲಿ ನೇತಾಡುವ ಚಕ್ರವೇ ಬೇರೆ, ನೆಲದ ಮೇಲೆ ಒದೆ ತಿನ್ನುವ ಚಕ್ರವೇ ಬೇರೆ ಎಂಬುದು ಹೊಳೆಯಲಿಲ್ಲ. ನೆಲದ ಮೇಲೆ ಕಾರಿನ ಭಾರ ಬೀಳುತ್ತದೆ. ತಿರುವಿನಲ್ಲಿ ಪ್ರತಿಯೊಂದು ಕೀಲೂ ಕೂದಲೆಳೆಯಷ್ಟು ಬಾಗುತ್ತದೆ. ಆ ಕೂದಲೆಳೆಗಳೆಲ್ಲ ಕೂಡಿದರೆ ನಾನು ಕಂಡ ಜಾಗ ಅಲ್ಲಿರುವುದೇ ಇಲ್ಲ. ಇದನ್ನು ನಮಗೆ ಕಲಿಸಿದ್ದರು. ಕಲಿಸುವಾಗ ನಾನು ಕಲಿಸುವವರ ಮೂಗಿನ ದನಿಯನ್ನು ಕಲಿಯುತ್ತಿದ್ದೆ.

ಕ್ಯಾಪ್ಟನ್ನನ್ನು ಕೇಳಿದರೆ ‘ಬಾರಾ ಮತ್ಲಬ್ ಬಾರಾ’. ಕೇಳಲಿಲ್ಲ. ಟೂಲ್‌ಬಾಕ್ಸಿನಿಂದ ಫೋನು ತೆಗೆದೆ. ಗಂಟಲಿಗೆ ಮರಳು ಹಾಕಿಕೊಂಡು, ಹನ್ನೆರಡಲ್ಲ, ಎಂಟು ಮಾಡಿ ಎಂದೆ.

‘ಅಂಕಲ್, ಆಠ್ ಕರೋ. ಬಾರಾ ನಹೀ, ಆಠ್. ಬರೋಬರ್ ನಾ?’

‘ಪಕ್ಕಾ, ಸಾಬ್? ಪೈಲೇ ಬಾರಾ ಬೋಲಾ ಥಾ,’ ಎಂದು ಮೊದಲು ಹೇಳಿದ್ದ ಹನ್ನೆರಡನ್ನು ನೆನಪಿಸಿದ ಮಾಮಾ. ನನಗೆ ಹುಟ್ಟಿದಾಗಿನಿಂದ ‘ಲೇ’ ಎನ್ನುವವನ ಬಾಯಲ್ಲಿ ‘ಸಾಬ್’!

‘ಪಕ್ಕಾ. ಲಿಖ್ ಲೋ,’ ಬರೆದುಕೊಳ್ಳಿ ಎಂದೆ.

ಫೋನಿಟ್ಟು, ಸ್ಪ್ಯಾನರುಗಳಿಗೆ ಬಗ್ಗಿ ನಮಸ್ಕಾರ ಮಾಡಿದೆ. ಚಪ್ಪಾಳೆಯೊಂದು ಬಾಕಿ.

ಶನಿವಾರ ಸ್ಟಾಪರ್ ತಂದವನು ನಾನು, ಹಾಕಿದವನೂ ನಾನು. ‘ಬಾರಾ ನಾ?’ ಎಂದು ಕ್ಯಾಪ್ಟನ್ ದೂರದಿಂದಲೇ ಕೇಳಿದ. ‘ಬರೋಬರ್’ ಎಂದೆ, ಅವನದೇ ದನಿಯಲ್ಲಿ. ಅವನೂ ನಕ್ಕ.

ಭಾನುವಾರ ಮಧ್ಯಾಹ್ನ ಕಾಲೇಜಿನ ಪಾರ್ಕಿಂಗ್ ಜಾಗದಲ್ಲಿ ತಿರುವುಗಳ ಗುರುತಿಗೆ ಪ್ಲಾಸ್ಟಿಕ್ ಕೋನುಗಳನ್ನಿಟ್ಟು ಕಾರು ಬಿಟ್ಟೆವು. ಮೊದಲ ಎರಡು ಸುತ್ತಿನಲ್ಲಿ ಹುಡುಗಿ ಕೊನೇ ಕೋನನ್ನು ಸವರಿಕೊಂಡು ತಿರುಗಿದಳು. ಹೆಲ್ಮೆಟ್ಟಿನೊಳಗಿಂದ ಅವಳು ಕೇಕೆ ಹಾಕಿದ್ದು ಇಂಜಿನ್ನಿನ ಸದ್ದನ್ನೂ ಮೀರಿ ಕೇಳಿಸಿತು. ‘ಈಗ ಕಾರು ಮಾರಾಯ! ಈಗ ಇದು ಕಾರು!’ ಕ್ಯಾಪ್ಟನ್ ಹುಬ್ಬು ಗಂಟಿಕ್ಕಿದ. ನಾನು ಉಬ್ಬಿದೆ.

ಮೂರನೇ ಸುತ್ತಿನಲ್ಲಿ ಅವಳು ಇನ್ನೂ ಜೋರಾಗಿ ಬಂದು ಸ್ಟೀರಿಂಗನ್ನು ಪೂರ್ತಿ ಎಳೆದಳು. ಕಾರಿನ ಮೂಗಿನಿಂದ ಠಪ್ಪೆಂದು ಒಂದು ಸದ್ದು. ಒಳಗಿನ ಚಕ್ರ ತಾನಿರಬೇಕಾದ ಜಾಗ ದಾಟಿ ಮಗುಚಿಕೊಂಡಿತು. ಸ್ಟೀರಿಂಗ್ ಅವಳ ಕೈಯಿಂದ ಕಿತ್ತುಕೊಂಡು ಹಿಂದಕ್ಕೆ ಸುತ್ತಿತು. ಅದರ ಅಡ್ಡಪಟ್ಟಿ ಅವಳ ಬಲ ಮಣಿಕಟ್ಟಿನ ಮೇಲೆ ಬಡಿಯಿತು. ಒಂದು ಚಕ್ರ ಥಾಣೆ ಕಡೆ, ಇನ್ನೊಂದು ಪನವೇಲ್ ಕಡೆ ಮುಖ ಮಾಡಿಕೊಂಡು ಕಾರು ರಬ್ಬರು ಸುಡುತ್ತ ಅಡ್ಡಡ್ಡ ಜಾರಿ ಕಾಂಪೌಂಡ್ ಗೋಡೆಗೆ ಗುದ್ದಿತು. ಮುಂದಿನ ಪೈಪುಗಳು ಒಳಗೆ ಮಡಚಿದವು. ಗೋಡೆಯ ಇಟ್ಟಿಗೆ ಎರಡು ಅವಳ ತೊಡೆಯ ಮೇಲೆ ಬಿದ್ದವು. ಅಷ್ಟು ಸದ್ದಿನಲ್ಲಿ ಮೂಳೆ ಮುರಿದ ಸದ್ದು ನನಗೆ ಕೇಳಿಸಿರಲು ಸಾಧ್ಯವಿಲ್ಲ. ಆದರೆ ಕೇಳಿಸಿತು. ಎಲ್ಲ ಸದ್ದನ್ನೂ ಬಾಯಲ್ಲಿ ಮಾಡಿ ತೋರಿಸುವ ನಾನು ಅದೊಂದನ್ನು ಮಾಡುವುದಿಲ್ಲ.

ಬೆಲ್ಟ್ ಬಿಚ್ಚಲು ಬಗ್ಗಿದ ಕ್ಯಾಪ್ಟನ್ನಿನ ದವಡೆಗೆ ಅವಳು ಎಡಗೈಯಿಂದ ಗುದ್ದಿದಳು. ಅವನ ತುಟಿ ಒಡೆಯಿತು.

‘ಮುಟ್ಬೇಡ! ಮುಟ್ಟಿದ್ರೆ ಕೊಲ್ತೇನೆ!’ ಎಂದು ಕನ್ನಡದಲ್ಲಿ ಕೂಗಿದಳು. ಅವನಿಗೆ ಅರ್ಥವಾಗಲಿಲ್ಲ, ಆದರೂ ಕೈ ತೆಗೆದ. ಆಮೇಲೆ ನನ್ನ ಕಡೆ ತಿರುಗಿ, ಮಗುವಿನಂತೆ, ‘ನಾನು ಬಿಟ್ಟದ್ದಲ್ಲ ಮಾರಾಯ. ಅದೇ ತಿರುಗಿ ಬಂತು,’ ಎಂದಳು.

ಅವಳನ್ನು ಆಸ್ಪತ್ರೆಗೆ ಕಳಿಸಿದ ಮೇಲೆ ಕ್ಯಾಪ್ಟನ್ ಒಡೆದ ತುಟಿಯಲ್ಲೇ ಕಾರಿನ ಕೆಳಗೆ ನುಗ್ಗಿ ಸ್ಟಾಪರ್ ಕಿತ್ತು ದಪ್ಪ ಅಳೆಯುವ ವರ್ನಿಯರಿನಲ್ಲಿ ಹಿಡಿದ. ಎಂಟು. ಇನ್ನೊಂದನ್ನು ಕಿತ್ತ. ಎಂಟು.

‘ಮೈನೇ ಬಾರಾ ಬೋಲಾ ಥಾ ನಾ?’ ಎಂದು ನನ್ನನ್ನು ಕೇಳಿದ.

‘ಬೋಲಾ ಥಾ,’ ಹನ್ನೆರಡೇ ಹೇಳಿದ್ದೆ ಎಂದೆ. ಅದು ನಿಜವೇ. ನಿಜ ಹೇಳಿ ಇಷ್ಟು ದೊಡ್ಡ ಸುಳ್ಳು ಹೇಳಬಹುದೆಂದು ಅವತ್ತೇ ನನಗೆ ಗೊತ್ತಾದದ್ದು.

ಸೋಮವಾರ ಅವನು ನನ್ನನ್ನು ಕರೆದುಕೊಂಡು ವರ್ಕ್‌ಶಾಪಿಗೆ ನುಗ್ಗಿದ. ಸೇಠನ ಮೇಜಿನ ಮೇಲೆ ಎರಡೂ ಸ್ಟಾಪರುಗಳನ್ನು ಎಸೆದ. ಒಂದು ಉರುಳಿ ಗಾಜಿನ ಲೋಟ ಒಡೆಯಿತು. ಒಂದು ಹುಡುಗಿಯ ಕೈ ಮುರಿದಿದೆ, ನಿಮ್ಮ ಮಿಸ್ತ್ರಿ ಹನ್ನೆರಡು ಹೇಳಿದರೆ ಎಂಟು ಮಾಡಿದ್ದಾನೆ ಎಂದು ಕಿರುಚಿದ. ಮಾಮಾ ಮಷೀನು ನಿಲ್ಲಿಸಿ ಬಂದ. ಅವನ ಕೈಯಲ್ಲಿ ಮೊಳದುದ್ದದ ಕಬ್ಬಿಣದ ಸರಳಿತ್ತು.

‘ಆಪ್ನೇ ಫೋನ್ ಪೇ ಆಠ್ ಬೋಲಾ, ಸಾಬ್,’ ಫೋನಿನಲ್ಲಿ ಎಂಟು ಎಂದದ್ದು ನೀವೇ, ಎಂದ ಮಾಮಾ ಮೆಲ್ಲಗೆ.

‘ಮೈನೇ?’ ಕ್ಯಾಪ್ಟನ್ನಿಗೆ ಮುಂದಿನ ಮಾತು ಮರೆತುಹೋಯಿತು. ಮಾತಿನ ಬದಲು ಕೈ ಬಂತು. ತನ್ನ ಅಪ್ಪನ ವಯಸ್ಸಿನವನ ಕೆನ್ನೆಗೆ ಬಾರಿಸಿದ. ಮಾಮಾನ ಕನ್ನಡಕ ಹಾರಿ ಲೋಹದ ಚೂರುಗಳ ಗುಡ್ಡೆಯಲ್ಲಿ ಬಿತ್ತು. ಮಾಮಾ ಮೊದಲು ಮಾಡಿದ ಕೆಲಸವೆಂದರೆ ಕೈಯಲ್ಲಿದ್ದ ಸರಳನ್ನು ಬಗ್ಗಿ ನೆಲದ ಮೇಲಿಟ್ಟದ್ದು. ಅದು ಕೈಯಲ್ಲಿದ್ದರೆ ಏನಾಗುತ್ತದೆಂದು ಅವನಿಗೆ ಗೊತ್ತಿತ್ತು. ಇಟ್ಟು, ಬರಿಗೈಯಲ್ಲಿ ಎದ್ದು ನಿಂತು, ನನ್ನನ್ನು ನೋಡಿದ.

‘ಹೇಳಲೇ. ಇವ್ರ ದನಿ ನನಗ ಗೊತ್ತಿಲ್ಲೇನು? ಇವ್ರ ಅಂದಿದ್ರು. ಹೇಳು ನೀ.’

ನನ್ನ ಮೇಲೆ ಅವನಿಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ಅಳತೆಯ ಜೊತೆ ಒಬ್ಬ ಮನುಷ್ಯ ಆಟವಾಡುತ್ತಾನೆ ಎಂಬುದು ಅವನ ತಲೆಯೊಳಗೆ ಹೋಗುವ ಸಂಗತಿಯೇ ಆಗಿರಲಿಲ್ಲ. ಹತ್ತು ಮಂದಿ ಇರುವ ನನ್ನ ಬಾಯಿಂದ ಒಬ್ಬನೂ ಹೊರಬರಲಿಲ್ಲ. ಸೇಠ್ ಬಾಗಿಲು ತೋರಿಸಿದ: ‘ಕಲ್ ಸೇ ಮತ್ ಆನಾ.’ ನಾಳೆಯಿಂದ ಬರಬೇಡ. ಮಾಮಾ ಚೂರುಗಳ ಗುಡ್ಡೆಯಲ್ಲಿ ಕೈಯಾಡಿಸಿ ಕನ್ನಡಕ ಹುಡುಕಿಕೊಂಡ. ಬೆರಳುಗಳಿಂದ ರಕ್ತ ಸುರಿಯುತ್ತಿತ್ತು.

ಮಂಗಳವಾರ ಮಧ್ಯಾಹ್ನ ಮಾಮಾ ನಮ್ಮ ಮನೆಯಲ್ಲಿದ್ದ. ಬೆರಳಿಗೆ ಬಟ್ಟೆ ಸುತ್ತಿಕೊಂಡು, ಎಡಗೈಯಲ್ಲಿ ಫೋನು ಹಿಡಿದು, ‘ಕಾಲೇಜ್’ ಎಂಬ ನಂಬರಿನಿಂದ ಬಂದ ಕರೆಯನ್ನು ಅವ್ವನಿಗೆ ಮತ್ತೆ ಮತ್ತೆ ತೋರಿಸುತ್ತಿದ್ದ. ‘ನೋಡವಾ. ಬೇಸ್ತವಾರ. ಇಲ್ಲೇ ಐತಿ. ನಾ ಏನು ಹುಚ್ಚೇನು?’

ಅವ್ವ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಒಂದೊಂದು ಏಟಿಗೂ ಕ್ಯಾಪ್ಟನ್ನಿಗೆ ಒಂದೊಂದು ಶಾಪ. ‘ಅವನ ಕೈ ಸೇದಿಹೋಗ್ಲಿ. ಅವನ ನಾಲಿಗ್ಗಿ ಹುಳ ಬೀಳ್ಲಿ.’ ನಾಲಿಗೆಯ ಶಾಪ ನೇರವಾಗಿ ವಿಳಾಸ ಹುಡುಕಿಕೊಂಡು ನನಗೇ ಬಂತು. ತಟ್ಟೆ ನೋಡುತ್ತ ರೊಟ್ಟಿ ಮುರಿಯುತ್ತ ಕೂತೆ.

ನಮ್ಮ ಮನೆಯಲ್ಲೊಂದು ರೂಢಿ ಇತ್ತು. ಯಾರನ್ನಾದರೂ ಬೈಯಬೇಕೆಂದರೆ ಅವ್ವ ಮೊದಲು ನನ್ನಿಂದ ಅವರ ಹಾಗೆ ಮಾತಾಡಿಸುತ್ತಿದ್ದಳು. ಮುಖ ನೋಡದವರನ್ನು ಬೈಯಲು ಅವಳಿಗೆ ಹುರುಪು ಬರುತ್ತಿರಲಿಲ್ಲ. ಸೊಸೈಟಿಯ ಸೆಕ್ರೆಟರಿಯನ್ನು, ನೀರು ಬಿಡುವವನನ್ನು, ಊರಿನ ಅತ್ತೆಯನ್ನು ಎಲ್ಲ ಅವಳು ನನ್ನ ಮುಖದ ಮೇಲೇ ಬೈದಿದ್ದಾಳೆ.

‘ಅಂವಾ ಹೆಂಗ ಮಾತಾಡ್ತಾನಲೇ? ಆಡಿ ತೋರಸು. ನೋಡೂಣು ಎಂಥಾ ಸೂಳೇಮಗ ಅದಾನ.’

‘ಒಲ್ಲೆ,’ ಎಂದೆ.

ರೊಟ್ಟಿಯ ಸದ್ದು ನಿಂತಿತು. ಇಪ್ಪತ್ತು ವರ್ಷದಲ್ಲಿ ನಾನು ಒಲ್ಲೆ ಎಂದದ್ದು ಅದೇ ಮೊದಲು. ಜ್ವರದಲ್ಲಿ ಮಲಗಿದಾಗಲೂ ಡಾಕ್ಟರನ್ನು ಆಡಿ ತೋರಿಸಿದವನು ನಾನು. ಮಾಮಾ ತಲೆಯೆತ್ತಿದ. ಅವನು ನನ್ನನ್ನು ನೋಡಿದ್ದು ಮಷೀನಿಗೆ ಹಾಕಿದ ಸರಳು ಸೊಟ್ಟವಿದೆಯೋ ಎಂದು ನೋಡುವಂತೆ, ಒಂದು ಕಣ್ಣು ಸ್ವಲ್ಪ ಕಿರಿದು ಮಾಡಿಕೊಂಡು.

‘ಆಡಿ ತೋರಸು,’ ಎಂದ.

‘ಬ್ಯಾಡ ಮಾಮಾ.’

‘ಆಡು.’

ಬೇರೆ ಏನಾದರೂ ಹೇಳಬಹುದಿತ್ತು. ಕ್ಯಾಪ್ಟನ್ನಿನ ನೂರು ಮಾತು ನನಗೆ ಬಾಯಿಪಾಠ. ಆದರೆ ಗಂಟಲಿಗೆ ಆ ಮರಳು ಬಂದ ಕೂಡಲೇ ಹೊರಬಿದ್ದದ್ದು ಅದೇ: ‘ಅಂಕಲ್, ಆಠ್ ಕರೋ. ಬಾರಾ ನಹೀ, ಆಠ್. ಬರೋಬರ್ ನಾ?’

ಮಾಮಾ ತಟ್ಟೆಯನ್ನು ಗೋಡೆಗೆ ಬೀಸಿದ. ಆಮೇಲೆ ನನ್ನನ್ನು. ಬಟ್ಟೆ ಸುತ್ತಿದ ಕೈಯಿಂದಲೇ ಹೊಡೆದ. ಬಟ್ಟೆ ಬಿಚ್ಚಿ, ಗಾಯ ಬಿಚ್ಚಿ, ಅವನ ರಕ್ತ ನನ್ನ ಅಂಗಿಗೆ, ನನ್ನ ಮೂಗಿನ ರಕ್ತ ಅವನ ಕೈಗೆ. ನನ್ನ ತಲೆ ತಾಗಿ ಕಪಾಟಿನ ಕನ್ನಡಿ ಸೀಳು ಬಿಟ್ಟಿತು. ಅವ್ವ ಹಿಟ್ಟಿನ ಕೈಯಿಂದ ಅವನ ಅಂಗಿ ಹಿಡಿದು ಜಗ್ಗಿದಳು. ‘ಸತ್ತಗಿತ್ತಾನೋ ಯಣ್ಣಾ! ಬಿಡೋ!’ ಅವನು ಬಿಟ್ಟ. ಆಗ ಅವಳು ತಾನು ಹೊಡೆಯಲು ಶುರುಮಾಡಿದಳು. ಗ್ರೈಂಡ್ ಮಾಡದೆ ಬಿಟ್ಟಿದ್ದ ನನ್ನ ಮೂಗಿಗೆ ಅವತ್ತು ಅಣ್ಣ ತಂಗಿ ಸೇರಿ ಗ್ರೈಂಡಿಂಗ್ ಮುಗಿಸಿದರು.

ಏಟು ಮುಗಿದ ಮೇಲೆ ಮಾಮಾ ಗೋಡೆಗೊರಗಿ ಏದುಸಿರು ಬಿಡುತ್ತ ಕೇಳಿದ್ದು ಒಂದೇ: ‘ಎಂಟು ಅಂತ ಯಾರು ಹೇಳಿದ್ರು ನಿನಗ?’

‘ನಾನ ಅಳದೆ.’

‘ಚಕ್ಕರ್ ನೆಲದ ಮ್ಯಾಲೆ ಇತ್ತೋ, ಗಾಳ್ಯಾಗ ಇತ್ತೋ?’

ಎರಡು ವರ್ಷದ ಇಂಜಿನಿಯರಿಂಗ್ ಕಲಿಸಲಾಗದ್ದನ್ನು ಕಾರೇ ನಡೆಸಲು ಬಾರದ ಮಾಮಾ ಒಂದು ಪ್ರಶ್ನೆಯಲ್ಲಿ ಕೇಳಿದ್ದ.

ಬುಧವಾರ ಬೆಳಿಗ್ಗೆ ನನ್ನ ಕುತ್ತಿಗೆಪಟ್ಟಿ ಹಿಡಿದು ಎಂಐಡಿಸಿಯ ರಸ್ತೆಯುದ್ದಕ್ಕೂ ಎಳೆದುಕೊಂಡು ಹೋದ. ಸೇಠನ ಮುಂದೆ ನಿಲ್ಲಿಸಿ, ‘ಬೋಲ್,’ ಎಂದ. ನಾನು ಎಲ್ಲ ಹೇಳಿದೆ. ಸೇಠ್ ನಂಬಲಿಲ್ಲ. ಮಾಮಾನನ್ನು ಉಳಿಸಲು ಹುಡುಗ ತಪ್ಪು ಮೈಮೇಲೆ ಹಾಕಿಕೊಳ್ಳುತ್ತಿದ್ದಾನೆ ಎಂದ. ಹಾಗಾಗಿ ಊದಿದ ತುಟಿಯಲ್ಲೇ ಕ್ಯಾಪ್ಟನ್ನಿನ ದನಿ ತೆಗೆದೆ.

ಸೇಠ್ ಬಾಯಿ ತೆರೆದುಕೊಂಡು ನೋಡಿದ. ಆಮೇಲೆ ನಕ್ಕ. ಹೊಟ್ಟೆ ಕುಣಿಸಿಕೊಂಡು, ಕಣ್ಣೊರೆಸಿಕೊಂಡು ನಕ್ಕ. ಮಿಸ್ತ್ರಿಯನ್ನು ಹುಡುಗ ಹೇಗೆ ಮಂಗ ಮಾಡಿದನೆಂದು ಕೇಳಲು ಮಷೀನುಗಳನ್ನು ನಿಲ್ಲಿಸಿ ಎಲ್ಲರನ್ನೂ ಕರೆದ. ‘ಫಿರ್ ಸೇ ಕರ್! ಏ, ಸುನೋ ಸುನೋ, ಮಿಸ್ತ್ರಿ ಕೋ ಕೈಸೇ ಉಲ್ಲೂ ಬನಾಯಾ!’ ನಾನು ಮತ್ತೆ ಮಾಡಲಿಲ್ಲ. ಅಗತ್ಯವೂ ಇರಲಿಲ್ಲ, ಅವರೇ ಮಾಡತೊಡಗಿದರು. ಒಬ್ಬ ‘ಅಂಕಲ್, ಆಠ್ ಕರೋ’ ಎಂದ. ಇನ್ನೊಬ್ಬ ಮಾಮಾನಂತೆ ಕೈಕಟ್ಟಿ ‘ಪಕ್ಕಾ, ಸಾಬ್?’ ಎಂದ. ಮನುಷ್ಯರನ್ನು ಆಡಿ ತೋರಿಸುವುದು ಎಷ್ಟು ಸುಲಭವೆಂದು, ಎಷ್ಟು ಕೆಟ್ಟದಾಗಿ ಮಾಡಿದರೂ ಜನ ನಗುತ್ತಾರೆಂದು ಮೊದಲ ಸಲ ಹೊರಗೆ ನಿಂತು ನೋಡಿದೆ.

‘ಚಲ್ ಮಿಸ್ತ್ರಿ, ಕಾಮ್ ಪೇ ಲಗ್,’ ಎಂದು ಸೇಠ್ ಇನ್ನೂ ನಗುತ್ತಲೇ ಅವನನ್ನು ಕೆಲಸಕ್ಕೆ ಮರಳಿ ಕರೆದ.

ಇಷ್ಟೇ ಮಾಮಾನಿಗೆ ಬೇಕಿದ್ದದ್ದು ಎಂದು ನಾನು ತಿಳಿದಿದ್ದೆ. ಮಾಮಾ ಮಷೀನಿನ ಹತ್ತಿರ ಹೋದ. ಅದರ ಮೈಮೇಲಿನ್ನೂ ಸೀಮೆಸುಣ್ಣದ ಎಂಟು ಇತ್ತು. ಅಂಗೈಯಿಂದ ಒರೆಸಿದ. ಕೆಳಗಿನ ಖಾನೆಯಿಂದ ತನ್ನ ಸ್ವಂತದ ಅಳತೆಯ ಮೈಕ್ರೋಮೀಟರ್, ಟೂಲುಗಳ ಡಬ್ಬಿ, ಒರೆಸುವ ಬಟ್ಟೆ ತೆಗೆದು ಚೀಲಕ್ಕೆ ತುಂಬಿಕೊಂಡ. ಸೇಠನ ಮುಂದೆ ಬಂದು, ‘ಹನ್ನೊಂದು ವರ್ಷ,’ ಎಂದ ಕನ್ನಡದಲ್ಲಿ. ಸೇಠನಿಗೆ ಅರ್ಥವಾಗಲಿಲ್ಲ. ಹಿಂದಿಯಲ್ಲಿ ಹೇಳುವ ಗೋಜಿಗೆ ಮಾಮಾ ಹೋಗಲಿಲ್ಲ. ಹೊರಗೆ ನಡೆದ. ಹಿಂದೆ ಓಡಿದ ನನ್ನನ್ನು ಚೀಲ ಬೀಸಿ ಹೊಡೆದ. ಮೈಕ್ರೋಮೀಟರ್ ಪಕ್ಕೆಗೆ ತಾಗಿತು.

ಮಾರನೇ ದಿನ ಶೆಡ್ಡಿನಲ್ಲಿ ನಾನೇ ಹೇಳಿದೆ. ಕ್ಯಾಪ್ಟನ್ ನನ್ನ ಹೊಟ್ಟೆಗೆ ಒಂದೇ ಒಂದು ಗುದ್ದು ಗುದ್ದಿ, ಮೂಲೆಯ ಟೈರಿನ ಮೇಲೆ ಕುಸಿದು ಕೂತ. ಬಹಳ ಹೊತ್ತು ತನ್ನ ಬಲ ಅಂಗೈಯನ್ನೇ ನೋಡಿಕೊಂಡ. ಅದು ಮಾಮಾನಿಗೆ ಹೊಡೆದ ಕೈ. ಹುಡುಗಿ ಎಡಗೈಯಿಂದ ಹೊಡೆಯಬಹುದಿತ್ತು, ಆದರೆ ಪ್ಲಾಸ್ಟರ್ ಹಾಕಿದ ಬಲಗೈಯನ್ನೇ ಎತ್ತಿ ನನ್ನ ಭುಜಕ್ಕೆ ಬಾರಿಸಿದಳು. ನೋವಿನಿಂದ ಇಬ್ಬರೂ ಕೂಗಿದೆವು.

‘ಸಾಯಿ ನೀನು,’ ಎಂದಳು, ಕಣ್ಣಲ್ಲಿ ನೀರು. ‘ನಂಗಾದ್ರೂ ಮೂಳೆ ಕೂಡ್ತದೆ. ಆ ಮನುಷ್ಯನ ಕೆಲಸ ಯಾರು ಕೂಡಿಸ್ತಾರೆ?’

ಮಾಮಾ ಎರಡು ವಾರ ಅಲೆದು ರಬಾಳೆಯ ಒಂದು ಕಾರ್ಖಾನೆಯಲ್ಲಿ ಕೆಲಸ ಹಿಡಿದ. ಮನೆಯಿಂದ ಹತ್ತು ನಿಮಿಷ ನಡೆದು ಹೋಗುತ್ತಿದ್ದವನು ಈಗ ಡೊಂಬಿವಲಿಯ ಲೋಕಲಿನಲ್ಲಿ ಮೊಣಕೈ ಗುದ್ದಿಸಿಕೊಂಡು, ಥಾಣೆಯಲ್ಲಿ ಇಳಿದು, ನವಿ ಮುಂಬಯಿಯ ಗಾಡಿಗೆ ಓಡಬೇಕು. ಐವತ್ತೆರಡರ ವಯಸ್ಸಿನಲ್ಲಿ ಹೊಸಬ. ಅಲ್ಲಿ ಅವನನ್ನು ಪರೀಕ್ಷೆಗೆ ಇಟ್ಟುಕೊಂಡಿದ್ದಾರೆ, ಇನ್ನೂ ಕಾಯಂ ಮಾಡಿಲ್ಲ ಎಂದು ಅವ್ವ ಹೇಳಿದಳು. ನನಗೆ ಹೇಳಲಿಲ್ಲ, ನಾನು ಕೂತಿದ್ದಾಗ ಗೋಡೆಗೆ ಹೇಳಿದಳು.

ಕಾರಿನ ಮೂಗು ಹೊಸದಾಗಿ ಕಟ್ಟಿದ್ದಾಯಿತು. ಸ್ಟಾಪರ್ ಬೇಕಿತ್ತು. ಬೇರೆ ಯಾರ ಹತ್ತಿರವಾದರೂ ಮಾಡಿಸೋಣ ಎಂದೆ. ಕ್ಯಾಪ್ಟನ್ ಒಂದು ಕಾಗದ ಕೊಟ್ಟ: ಡ್ರಾಯಿಂಗ್, ಹನ್ನೆರಡು ಎಂದು ಅಂಕಿಯಲ್ಲಿ ಮತ್ತು ಅಕ್ಷರದಲ್ಲಿ, ಕೆಳಗೆ ಅವನ ಸಹಿ. ‘ಉನ್ಹೀಸೇ ಕರಾಕೇ ಲಾ,’ ಎಂದ, ‘ಬರೋಬರ್ ನಾ’ ಇಲ್ಲದೆ. ಅವರಿಂದಲೇ ಮಾಡಿಸಿಕೊಂಡು ಬಾ.

ರಬಾಳೆಯ ಆ ಕಾರ್ಖಾನೆ ದೊಡ್ಡದು. ಸಾಲಾಗಿ ಲೇತುಗಳು, ಯಾವುದೂ ಹಸಿರಲ್ಲ. ಫೋರ್ಮನ್ ನನ್ನನ್ನು ಮಾಮಾನ ಮಷೀನಿನ ಹತ್ತಿರ ಕರೆದೊಯ್ದು, ಕಾಲೇಜಿನಿಂದ ಸಣ್ಣ ಕೆಲಸ ಬಂದಿದೆ, ಈ ಹುಡುಗ ನಿನ್ನ ಪರಿಚಯದವನೇ ಎಂದು ಕೇಳಿದ.

ಮಾಮಾ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಕನ್ನಡಕದ ಒಂದು ಗಾಜಿನಲ್ಲಿ ಗೀರಿತ್ತು.

‘ನಹೀ, ಸಾಬ್,’ ಎಂದ. ನನ್ನ ಕಡೆ ಕೈಚಾಚಿ, ‘ಡ್ರಾಯಿಂಗ್ ಲಾಯೇ ಹೈ ಆಪ್?’

ಆಪ್! ‘ಲೇ’ ಹೋಗಿ ‘ತಾವು’! ನಾನು ಅದುವರೆಗೆ ಕೇಳಿದ ಬೈಗುಳಗಳಲ್ಲಿ ಅದಕ್ಕಿಂತ ಗಟ್ಟಿಯಾದದ್ದು ಇಲ್ಲ. ಕಾಗದ ಕೊಟ್ಟೆ. ಎಂದೂ ಕಾಗದ ನೋಡದವನು ಅದನ್ನು ಬೆಳಕಿಗೆ ಹಿಡಿದು ಸಾಲುಸಾಲಾಗಿ ಬೆರಳಿಟ್ಟು ಓದಿದ. ಸಹಿ ಯಾರದೆಂದು ಕೇಳಿದ. ಹೇಳಿದೆ. ಫೋರ್ಮನ್ ಪಕ್ಕದಲ್ಲೇ ನಿಂತು ಹೊಸ ಮಿಸ್ತ್ರಿಯ ಕೈ ಹೇಗೆ ಓಡುತ್ತದೆಂದು ನೋಡುತ್ತಿದ್ದ. ಕೆಲಸ ಕಾಯಂ ಆಗುವುದೋ ಇಲ್ಲವೋ ಆ ನೋಟದಲ್ಲಿತ್ತು. ಇಲ್ಲಿ ನಾನು ಒಂದು ಸಲ ‘ಮಾಮಾ’ ಎಂದರೂ ಅವನು, ನನ್ನ ಪರಿಚಯವಿಲ್ಲವೆಂದು ಸುಳ್ಳು ಹೇಳಿದ ಹೊಸಬನಾಗಿಬಿಡುತ್ತಾನೆ. ಬಾಯಿ ಮುಚ್ಚಿಕೊಂಡೆ.

ಸ್ಟೀಲು ಕಿರುಚಿತು. ನೀಲಿಗಟ್ಟಿದ ಸುರುಳಿಗಳು ಸಿಡಿದು ನನ್ನ ಬೂಟಿನ ಮೇಲೆ ಬಿದ್ದವು. ಮಾಮಾ ನಾಲ್ಕು ಸಲ ನಿಲ್ಲಿಸಿ ಮೈಕ್ರೋಮೀಟರ್ ಹಿಡಿದ, ನಾಲ್ಕು ಸಲವೂ ಕಾಗದ ನೋಡಿದ. ಆ ಸ್ಟಾಪರುಗಳು ಇವತ್ತಿಗೂ ನಮ್ಮ ಕಾರಿನಲ್ಲಿವೆ. ಹುಡುಗಿ ಪ್ಲಾಸ್ಟರ್ ಬಿಚ್ಚಿದ ಮೇಲೆ ಎಷ್ಟು ಸಿಟ್ಟಿನಿಂದ ಸ್ಟೀರಿಂಗ್ ಎಳೆದರೂ ರ‍್ಯಾಕ್ ಅಲ್ಲಿಗೆ ಬಂದು ಗುದ್ದಿ ನಿಲ್ಲುತ್ತದೆ. ಅವತ್ತು ಫೋರ್ಮನ್ ಮೊದಲ ತುಂಡನ್ನು ನೋಡಿ ತಲೆಯಾಡಿಸಿದ. ‘ಹಾಥ್ ಅಚ್ಛಾ ಹೈ,’ ಕೈ ಪಳಗಿದೆ ಎಂದ. ಮಾಮಾನ ಮುಖದಲ್ಲಿ ಏನೂ ಬದಲಾಗಲಿಲ್ಲ, ಆದರೆ ಭುಜ ಎರಡಿಂಚು ಕೆಳಗಿಳಿಯಿತು.

ಮಷೀನಿನಿಂದ ಆಗಷ್ಟೇ ಬೇರ್ಪಟ್ಟ ಸ್ಟಾಪರನ್ನು ಅವನು ಬಟ್ಟೆಯಲ್ಲಿ ಹಿಡಿದು ನನ್ನ ಕಡೆ ಚಾಚಿದ.

‘ಲೀಜಿಯೇ, ಸಾಬ್.’

ಬಲ ಅಂಗೈಯೊಡ್ಡಿದೆ. ಅವನು ಬಟ್ಟೆ ತೆಗೆದು ಸ್ಟಾಪರನ್ನಷ್ಟೇ ಇಟ್ಟ. ಕಡೆದ ಬಿಸಿಗೆ ಕೈ ಚುರ್ ಎಂದಿತು. ಬೆರಳುಗಳು ತಾವಾಗಿ ಬಿಚ್ಚಿಕೊಳ್ಳಲು ನೋಡಿದವು. ಕೂಗಿದರೆ ಯಾವ ಭಾಷೆಯಲ್ಲಿ, ಯಾರನ್ನು ಕರೆದು ಕೂಗುತ್ತೇನೆಂದು ನನಗೆ ಗೊತ್ತಿತ್ತು. ಫೋರ್ಮನ್ ನೋಡುತ್ತಿದ್ದ. ಹಲ್ಲು ಕಚ್ಚಿ, ಮುಷ್ಟಿ ಮುಚ್ಚಿ, ಕಾಲೇಜಿನ ಯಾವನೋ ಹುಡುಗನಂತೆ, ‘ಥ್ಯಾಂಕ್ ಯೂ, ಚಾಚಾ,’ ಎಂದೆ.

ಮಾಮಾ ಇನ್ನೊಂದು ತುಂಡನ್ನು ಮಷೀನಿಗೆ ಕಚ್ಚಿಸಿದ. ಅದು ಮುಗಿಯುವವರೆಗೂ ನಾನು ಅಲ್ಲೇ ನಿಂತಿದ್ದು, ಎರಡನೆಯ ಸ್ಟಾಪರಿಗೆ ಎಡಗೈ ಚಾಚಿದೆ.